ಹನ್ನೆರಡು ವೋಲ್ಟಿನ ಹಾಡು

ನಮ್ಮ ರಾಯಚೂರು ಸೀಮೆಯಲ್ಲಿ ಹಳೇ ಗಾಡಿ ಕೊಳ್ಳಲು ಬಂದವನು ಮೊದಲು ಎಂಜಿನ್ ಹೇಗಿದೆ ಎಂದು ಕೇಳುತ್ತಾನೆ, ಆಮೇಲೆ ಸೆಟ್ ಯಾವುದು ಎಂದು. ಸೆಟ್ ಅಂದರೆ ಟೇಪು, ಆಂಪ್ಲಿಫೈಯರು, ಸ್ಪೀಕರು ಎಲ್ಲ ಕೂಡಿದ್ದು. ಮಾನ್ವಿ ರಸ್ತೆಯ ಟಂಟಂಗೂ ಅದು ಬೇಕು, ದೇವದುರ್ಗಕ್ಕೆ ಹೊರಟ ಕ್ರೂಸರಿಗೂ ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕ್ಯಾಂಪುಗಳಲ್ಲಿ ಭತ್ತದ ಗದ್ದೆ ಹದ ಮಾಡುವ ಟ್ರ್ಯಾಕ್ಟರಿಗಂತೂ ಅದಿಲ್ಲದಿದ್ದರೆ ಡ್ರೈವರ್ ಸಿಗುವುದಿಲ್ಲ. ಸಂಬಳ ನೂರು ರೂಪಾಯಿ ಕಡಿಮೆಯಾದರೂ ಸೈ, ಸೆಟ್ ಚಲೋ ಇರಬೇಕು ಎನ್ನುವವರನ್ನು ನಾನು ಕಂಡಿದ್ದೇನೆ.

ನನ್ನದು ಕಂಪ್ಯೂಟರ್ ರಿಪೇರಿಯ ಅಂಗಡಿ. ಅದು ಶುರುವಾದ ಹೊತ್ತಿಗೆ ತಾಲ್ಲೂಕು ಊರುಗಳಿಗೆ ಕಂಪ್ಯೂಟರ್ ಆಗಲೇ ಬಂದಾಗಿತ್ತು. 'ಭೂಮಿ' ಯೋಜನೆಯಿಂದ ಪಹಣಿ ಕೈಬರಹ ಬಿಟ್ಟು ಪ್ರಿಂಟಾಗಿ ಬರುತ್ತಿತ್ತು. ರಾಜೇಂದ್ರ ಗಂಜಿನ ಅಡತ್ ಅಂಗಡಿಯ ಗುಮಾಸ್ತರು ಕೆಂಪು ಬಟ್ಟೆಯ ಖಾತೆ ಪುಸ್ತಕದ ಪಕ್ಕದಲ್ಲೇ ಟ್ಯಾಲಿ ಕಲಿಯುತ್ತಿದ್ದರು. ಮಾನ್ವಿ, ದೇವದುರ್ಗಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ರಾತ್ರೋರಾತ್ರಿ ಬೋರ್ಡು ಬದಲಿಸಿ ಕಂಪ್ಯೂಟರ್ ಸೆಂಟರ್‌ಗಳಾಗಿದ್ದವು. ಎಲ್ಲಿ ಏನು ಕೆಟ್ಟರೂ ನಾನು ಹೋಗಬೇಕು. ಬಸ್ಸಿನಲ್ಲಿ ಮಾನಿಟರ್ ಹೊತ್ತು ತಿರುಗುವುದು ಸಾಕಾಗಿ, ಅಪ್ಪನ ಪರಿಚಯದವರೊಬ್ಬರಿಂದ ಹಳೇ ಡೀಸೆಲ್ ಅಂಬಾಸಿಡರ್ ಕೊಂಡೆ. ಕೆಎ 36, ಬಿಳಿ ಬಣ್ಣ. ಡಿಕ್ಕಿಯಲ್ಲಿ ನಾಲ್ಕು ಮಾನಿಟರ್ ಮಲಗಿಸಬಹುದಿತ್ತು. ಅದರೊಳಗಿದ್ದ ಕ್ಯಾಸೆಟ್ ಡೆಕ್ಕು ಸಾಧಾರಣದ್ದು. ಗಾಡಿ ಮಾರಿದವರು ಅದನ್ನೇ ನಾಲ್ಕು ಸಲ ಹೊಗಳಿದ್ದರು.

ಆಗ ಎಂಪಿ3ಯ ಸುಗ್ಗಿ. 700 ಎಂಬಿಯ ಒಂದು ಸಿಡಿಯಲ್ಲಿ ಹನ್ನೆರಡು ತಾಸಿನ ಹಾಡು ಹಿಡಿಯುತ್ತಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ಅಂಥ ಸಿಡಿಗಳ ರಾಶಿಯನ್ನೇ ಇಳಿಸಿಟ್ಟುಕೊಂಡಿದ್ದ ನನಗೆ, ಆ ಕಂಪ್ಯೂಟರನ್ನೇ ಕಾರಿನಲ್ಲಿ ಕೂಡಿಸಿದರೆ ಹೇಗೆ ಎನ್ನಿಸಿತು. ಹಾಗೆ ಮಾಡುವವರು ಜಗತ್ತಿನಲ್ಲಿ ಇದ್ದಾರೆ ಎಂದು ಪತ್ರಿಕೆಗಳಲ್ಲಿ ಓದಿದ್ದೆ. ತೈವಾನಿನ ವಿಯಾ ಕಂಪನಿ 2001ರಲ್ಲಿ ರೂಪಿಸಿದ ಮಿನಿ ಐಟಿಎಕ್ಸ್ ಬೋರ್ಡು ಅಂಥವರ ಪಾಲಿಗೆ ವರವಾಗಿತ್ತು: ಉದ್ದಗಲ 17 ಸೆಂಟಿಮೀಟರ್, ಪ್ರೊಸೆಸರ್ ಅದರಲ್ಲೇ ಬೆಸೆದಿರುತ್ತದೆ, ಡಿಸ್ಕೂ ಸೇರಿ ಇಡೀ ಯಂತ್ರ ಉಣ್ಣುವುದು 30 ವ್ಯಾಟ್‌ನ ಆಸುಪಾಸು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಅಂಥದೊಂದು ಬೋರ್ಡು ಸಿಕ್ಕಿತು. ಏಳು ಇಂಚಿನ ಟಚ್‌ಸ್ಕ್ರೀನ್‌ಗೆ ಹೇಳಿಟ್ಟು ತಿಂಗಳುಗಟ್ಟಲೆ ಕಾಯಬೇಕಾಯಿತು. ಇನ್ನುಳಿದ ಚಿಲ್ಲರೆ ಸಾಮಾನೆಲ್ಲ ಹೈದರಾಬಾದಿನ ಕೋಟಿಯ ಗುಜರಾತಿ ಗಲ್ಲಿಯಲ್ಲಿ.

ಬೋರ್ಡು, ಡಿಸ್ಕು, ವಿಂಡೋಸ್ ಎಕ್ಸ್‌ಪಿ ಜೋಡಿಸುವುದು ನನ್ನ ದಿನನಿತ್ಯದ ಕೆಲಸ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ನಿಜವಾದ ಪೀಕಲಾಟ ಕರೆಂಟಿನದು. ಮನೆಯಲ್ಲಿ ಕಂಪ್ಯೂಟರಿಗೆ 230 ವೋಲ್ಟ್ ಬೇಕು, ಕಾರಿನಲ್ಲಿರುವುದು 12. ಅದೂ ಹೆಸರಿಗಷ್ಟೇ 12. ಎಂಜಿನ್ ಓಡುತ್ತಿರುವಾಗ 14ರ ಮೇಲೇರುತ್ತದೆ, ಸೆಲ್ಫ್ ಹೊಡೆದ ಗಳಿಗೆಯಲ್ಲಿ 8-9ಕ್ಕೆ ಕುಸಿಯುತ್ತದೆ. ಡೀಸೆಲ್ ಗಾಡಿಯಾದರೆ ಸೆಲ್ಫಿಗೆ ಮುಂಚೆ ಹೀಟರ್ ಪ್ಲಗ್ಗುಗಳು ಬೇರೆ ಬ್ಯಾಟರಿಯನ್ನು ಹೀರುತ್ತವೆ. ಕೋಟಿಯಿಂದ ತಂದ ಸಣ್ಣ ಇನ್ವರ್ಟರ್ ಹಾಕಿ ನೋಡಿದರೆ, ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ಅದು ಕೀಂವ್ ಎಂದು ಅರಚಿ ಬಂದ್ ಆಗುತ್ತಿತ್ತು. ವೋಲ್ಟೇಜು ಹತ್ತೂವರೆಗಿಂತ ಇಳಿದರೆ ಅದು ಕೆಲಸ ನಿಲ್ಲಿಸಲೇಬೇಕು, ಬ್ಯಾಟರಿ ಸಾಯದಿರಲೆಂದು ಅದನ್ನು ಮಾಡಿರುವುದೇ ಹಾಗೆ. ವಿಂಡೋಸ್ ಮತ್ತೆ ಮೊದಲಿನಿಂದ ಎದ್ದು, ಡಿಸ್ಕ್ ತಪಾಸಣೆ ಮುಗಿಸಿ, ಹಾಡು ಹಚ್ಚುವಷ್ಟರಲ್ಲಿ ಗಾಡಿ ಊರ ಹೊರಗೆ ಬಂದಿರುತ್ತಿತ್ತು.

ಇದಕ್ಕೆ ಪರಿಹಾರ ಸಿಕ್ಕಿದ್ದು ತೀನ್ ಕಂದೀಲ್ ಬಳಿಯ ಒಂದು ಸಂದಿಯಲ್ಲಿ. ಅಲ್ಲೊಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದರು. ಎಲ್ಲರಿಗೂ ಉಸ್ತಾದ್. ಅವರ ಹತ್ತಿರ ಮೀಟರ್ ಇರಲಿಲ್ಲ. ಎರಡು ತಂತಿ, ಒಂದು ಇಂಡಿಕೇಟರ್ ಬಲ್ಬು, ಅದೇ ಅವರ ಟೆಸ್ಟ್ ಲ್ಯಾಂಪ್. ಬಲ್ಬು ಎಷ್ಟು ಕೆಂಪಗೆ ಉರಿಯುತ್ತದೆ ಎಂಬುದರ ಮೇಲೆ ವೋಲ್ಟೇಜು ಹೇಳುತ್ತಿದ್ದರು. ನಾನು ನನ್ನ ಡಿಜಿಟಲ್ ಮೀಟರ್ ಹಚ್ಚಿ ನೋಡಿದರೆ ಹೆಚ್ಚೂಕಡಿಮೆ ಅಷ್ಟೇ ಇರುತ್ತಿತ್ತು.

ನನ್ನ ಕತೆ ಕೇಳಿ ಅವರು, "ನಿಮ್ಮ ಅಂಗಡ್ಯಾಗ ಕೆಟ್ಟ ಯುಪಿಎಸ್ ಅದಾವಿಲ್ಲ ತಮ್ಮಾ?" ಎಂದರು.

"ರಗಡ ಅದಾವ ಉಸ್ತಾದ್."

"ಅದರಾಗಿಂದು ಒಂದು ಚಲೋ ಬ್ಯಾಟ್ರಿ ತೊಗೊಂಬಾ. ಸಣ್ಣದು."

ಮರುದಿನ 7 ಆಂಪಿಯರ್ ಅವರ್‌ನ ಬ್ಯಾಟರಿ ಒಯ್ದೆ. ಉಸ್ತಾದ್ ಮೂಲೆಯಲ್ಲಿ ಬಿದ್ದಿದ್ದ ಸತ್ತ ಆಲ್ಟರ್ನೇಟರೊಂದನ್ನು ಎಳೆದು, ಅದರ ಹಿಂಬದಿಯ ಪ್ಲೇಟು ಬಿಚ್ಚಿ, ಒಂದು ಡಯೋಡ್ ಕಿತ್ತರು. ಬಲ್ಬಿನ ತಂತಿ ಒಮ್ಮೆ ಹೀಗೆ, ಒಮ್ಮೆ ಹಾಗೆ ಹಚ್ಚಿದರು. ಒಂದು ದಿಕ್ಕಿಗೆ ಉರಿಯಿತು, ಇನ್ನೊಂದಕ್ಕೆ ಇಲ್ಲ. "ಜೀವ ಅದ" ಎಂದು ಅದನ್ನು ದೊಡ್ಡ ಬ್ಯಾಟರಿಗೂ ಸಣ್ಣ ಬ್ಯಾಟರಿಗೂ ನಡುವೆ ಬೆಸೆದರು. ಗಾಡಿ ಓಡುವಾಗ ದೊಡ್ಡದರಿಂದ ಸಣ್ಣದಕ್ಕೆ ಕರೆಂಟು ಹೋಗುತ್ತದೆ. ಸೆಲ್ಫ್ ಹೊಡೆದಾಗ ದೊಡ್ಡದು ಕುಸಿದರೂ ಸಣ್ಣದರದು ಹಿಂದಕ್ಕೆ ಹರಿಯುವುದಿಲ್ಲ, ಕಂಪ್ಯೂಟರ್ ಅದರ ಮೇಲೆ ನಿಂತಿರುತ್ತದೆ. ಪುಸ್ತಕದಲ್ಲಿ ಡಯೋಡ್ ಪಾಠ ಓದಿ ಪಾಸಾದವನು ನಾನು. ಅದನ್ನು ಗುಜರಿಯಿಂದ ಕಿತ್ತು ಕೆಲಸಕ್ಕೆ ಹಚ್ಚಿದವರು ನಾಲ್ಕನೇ ಇಯತ್ತೆ ದಾಟದ ಉಸ್ತಾದ್. ಆಮೇಲೆ ಗೆಳೆಯನ ಅಣ್ಣ ಅಮೆರಿಕದಿಂದ ಬರುವಾಗ, 6ರಿಂದ 24 ವೋಲ್ಟಿನವರೆಗೆ ಏನು ಕೊಟ್ಟರೂ ತಾಳಿಕೊಂಡು ಕಂಪ್ಯೂಟರಿಗೆ ಬೇಕಾದಷ್ಟನ್ನೇ ಕೊಡುವ ಪವರ್ ಬೋರ್ಡು ತಂದುಕೊಟ್ಟ. 12ನ್ನು 230 ಮಾಡಿ, ಮತ್ತೆ 12 ಮಾಡುವ ಇನ್ವರ್ಟರಿನ ದಂಡದ ಖರ್ಚು ತಪ್ಪಿತು. ಆದರೆ ಉಸ್ತಾದರ ಡಯೋಡನ್ನು ನಾನು ತೆಗೆಸಲಿಲ್ಲ.

ಆಂಪ್ಲಿಫೈಯರಿನದು ಇನ್ನೊಬ್ಬರ ಇಲಾಖೆ. ಪಟೇಲ್ ರೋಡಿನ ಕಡೆ ರೇಡಿಯೋ ರಿಪೇರಿ ಮಾಡುವ ಕಾಕಾ ಒಬ್ಬರಿದ್ದರು. ಟ್ರಾನ್ಸಿಸ್ಟರ್ ಕಾಲದಿಂದ ಬಂದವರು. 80-90ರ ದಶಕದಲ್ಲಿ ಹಳ್ಳಿಗಳ ಭಜನಾ ಮಂಡಳಿಗೆ, ಚಹದಂಗಡಿಗೆ, ಮದುವೆ ಮನೆಗೆ ಕಟ್ಟಿಗೆಯ ಡಬ್ಬಿಯಲ್ಲಿ ಆಂಪ್ಲಿಫೈಯರ್ ಕಟ್ಟಿ ಕೊಡುತ್ತಿದ್ದರು. ಅದರ ಹೃದಯ 4440 ಐಸಿ. ಜಪಾನಿನ ಸ್ಯಾನ್ಯೋ ಕಂಪನಿಯದು. ಎರಡು ಚಾನಲ್‌ಗೆ ತಲಾ 6 ವ್ಯಾಟ್, ಜೋಡಿಸಿ ಒಂದೇ ಮಾಡಿದರೆ 19 ವ್ಯಾಟ್. ಇದು ಕಾರಿನ ಸೆಟ್ಟಿಗೆ ಹೊಂದುವ 13.2 ವೋಲ್ಟಿಗೆ ಮಾಡಿದ ಐಸಿ, ಮನೆಯಲ್ಲಿ ಹಾಕಲು ನಾವೇ ಟ್ರಾನ್ಸ್‌ಫಾರ್ಮರ್ ಸೇರಿಸಿಕೊಂಡಿದ್ದು ಎಂದು ಕಾಕಾ ಹೇಳಿದಾಗ ನನಗೆ ಬೆರಗಾಯಿತು. ಕರ್ನಾಟಕದ ಹಳ್ಳಿ ಹಳ್ಳಿಯ ಭಜನೆ ಕಾರಿನ ಐಸಿಯ ಮೇಲೆ ನಡೆದಿತ್ತು! ಮುಂದಿನ ಎರಡು ಬಾಗಿಲಿನ ಸ್ಪೀಕರಿಗೆ ಕಾಕಾ ಜೋಡಿ 4440 ಕಟ್ಟಿಕೊಟ್ಟರು. ಹಿಂದಿನ ಗಾಜಿನ ಕೆಳಗಿನ ಹಲಗೆಗೆ ಆರು-ಒಂಬತ್ತರ ಓವಲ್ ಸ್ಪೀಕರು, ಡಿಕ್ಕಿಗೆ ಹನ್ನೆರಡು ಇಂಚಿನ ವೂಫರು. ಇವುಗಳಿಗೆ ಮಾತ್ರ ಕಂಪನಿ ಆಂಪ್ಲಿಫೈಯರ್ ತಂದೆ.

ವೂಫರಿಗೆ ಡಬ್ಬಿ ಕಟ್ಟಿದವರು ಕೋಟೆಯ ಹತ್ತಿರದ ಬಡಿಗೇರ ಅಣ್ಣ. 19 ಎಂಎಂ ಪ್ಲೈವುಡ್ಡು, ಮೂಲೆಗಳಿಗೆ ಒಳಗಿನಿಂದ ಕಟ್ಟಿಗೆಯ ಪಟ್ಟಿ, ಸಂದುಗಳಿಗೆ ಫೆವಿಕಾಲ್. ಕಟ್ಟಿಯಾದ ಮೇಲೆ ಅದನ್ನು ಎತ್ತಲು ಇಬ್ಬರು ಬೇಕಾದರು. ರಾಯಚೂರಿನವರು ಭಾರ ಸಾಗಿಸಲು ಹೆದರುವವರಲ್ಲ ಬಿಡಿ. 1294ರಲ್ಲಿ ಕಟ್ಟಿದ ನಮ್ಮ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಶಾಸನದ ಕಲ್ಲಿದೆ, ಅದನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಡಬ್ಬಿಯಲ್ಲಿ ಗಾಳಿ ಸೋರುವ ಜಾಗ ಹುಡುಕಲು ಉಸ್ತಾದ್ ಊದಿನಕಡ್ಡಿ ಹಚ್ಚಿದರು. ದಪ್ಪನೆಯ ತಬಲಾ ಬಾರಿಸುವ ಕವ್ವಾಲಿ ಹಚ್ಚಿ, ಕಡ್ಡಿಯನ್ನು ಸಂದಿನ ಉದ್ದಕ್ಕೂ ಮೆಲ್ಲಗೆ ಸರಿಸುತ್ತ ಹೋದರು. ಹೊಗೆ ನೆಟ್ಟಗೆ ಏಳುತ್ತಿದ್ದದ್ದು ಒಂದು ಮೂಲೆಯಲ್ಲಿ ತಾಳಕ್ಕೆ ಸರಿಯಾಗಿ ಬೆದರತೊಡಗಿತು. ಬಡಿಗೇರ ಅಣ್ಣ ಅಲ್ಲಿ ಎಂ ಸೀಲ್ ಮೆತ್ತಿದರು. ಹೊಗೆ ಮತ್ತೆ ನೆಟ್ಟಗಾಯಿತು.

ಇಷ್ಟಾದ ಮೇಲೂ ಸ್ಪೀಕರಿನಲ್ಲಿ ಒಂದು ಕುಂಯ್ ದನಿ. ಆಕ್ಸಿಲರೇಟರ್ ಒತ್ತಿದಷ್ಟೂ ಮೇಲೇರುವ ದನಿ. ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗಿನ ಟಕಟಕ ಬರುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ, ಹಾಗಾಗಿ ಇದು ಆಲ್ಟರ್ನೇಟರಿನದೇ ಎಂದು ಉಸ್ತಾದ್ ಕೂತಲ್ಲೇ ತೀರ್ಪು ಕೊಟ್ಟರು. ಕಾಕಾ ಬೇರೆ ಕಡೆಯಿಂದ ಬಂದರು: ಕಂಪ್ಯೂಟರಿನ ಅರ್ಥ್ ಸೀಟಿನ ಕೆಳಗೆ, ಆಂಪ್ಲಿಫೈಯರಿನದು ಡಿಕ್ಕಿಯಲ್ಲಿ, ಡೆಕ್ಕಿನದು ಡ್ಯಾಶ್‌ಬೋರ್ಡಿನ ಹಿಂದೆ, ಮೂರು ಕಡೆ ಬಾಡಿಗೆ ಹಚ್ಚಿದರೆ ಮೂರರ ನಡುವೆ ಕರೆಂಟು ಸುತ್ತುತ್ತದೆ, ಅದೇ ಹಾಡುತ್ತದೆ. ಎಲ್ಲ ಅರ್ಥನ್ನೂ ಒಂದೇ ಬೋಲ್ಟಿಗೆ ತನ್ನಿ ಎಂದರು. ಬಣ್ಣ ಕೆರೆದು, ಬಿಳಿ ಕಬ್ಬಿಣ ಕಾಣುವಂತೆ ಮಾಡಿ, ಎಲ್ಲವನ್ನೂ ಒಂದೇ ಕಡೆ ಬಿಗಿದೆವು. ಆಲ್ಟರ್ನೇಟರಿಗೆ ಉಸ್ತಾದರ ಕಂಡೆನ್ಸರೂ ಬಿತ್ತು. ಯಾರ ಮದ್ದು ನಾಟಿತೋ, ದನಿ ಹೋಯಿತು. ಇಬ್ಬರೂ ತಮ್ಮದೇ ಎಂದು ಕೊನೆತನಕ ಹೇಳಿಕೊಂಡರು.

ಬೇಸಿಗೆಯದು ಬೇರೆಯೇ ಲೆಕ್ಕ. ರಾಯಚೂರಿನ ಮೇ ತಿಂಗಳು ನೆರಳಿನಲ್ಲೇ 42-43 ಡಿಗ್ರಿ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ದಾಟುವುದು ಸಹಜ. ಹಾರ್ಡ್ ಡಿಸ್ಕ್ ಕಂಪನಿಗಳು ಹಾಕುವ ಮಿತಿಯೂ ಅಲ್ಲೇ ಸುಮಾರು. ಮೇಲಿಂದ ಡೀಸೆಲ್ ಎಂಜಿನ್ನಿನ ನಡುಕ, ನೀರಮಾನ್ವಿ ದಾರಿಯ ತಗ್ಗು. ವಿಂಡೋಸನ್ನು ಕ್ಯಾಮೆರಾದಲ್ಲಿ ಹಾಕುವ 4 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಸಾಗಿಸಿದೆ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಹಾಡು ಮಾತ್ರ 40 ಜಿಬಿಯ ಲ್ಯಾಪ್‌ಟಾಪ್ ಡಿಸ್ಕಿನಲ್ಲಿ, ಸುತ್ತ ಸ್ಪಂಜು. ಹಗಲು ರಾತ್ರಿ ಬಿಡದೆ ಹಾಡಿದರೂ ಮೂರು ವಾರಕ್ಕೆ ಮಿಕ್ಕಿ ಸಾಲುವಷ್ಟು. ಫ್ಯಾನಿನದು ಮತ್ತೊಂದು ಗೋಳು. ಹತ್ತಿಯ ಹಂಗಾಮಿನಲ್ಲಿ ಗಂಜಿನ ಕಡೆ ಗಾಡಿ ನಿಲ್ಲಿಸಿದರೆ ಜಿನ್ನಿಂಗ್ ಮಿಲ್ಲಿನ ನವಿರು ಎಳೆಗಳು ಹಾರಿಬಂದು ಫ್ಯಾನಿನ ರೆಕ್ಕೆಗೆ ಹಾಸಿಗೆ ಹಾಸಿಬಿಡುತ್ತಿದ್ದವು. ಮನೆಯವಳ ಹಳೆಯ ನೈಲಾನ್ ಜರಡಿಯ ಬಟ್ಟೆ ಕತ್ತರಿಸಿ ಹಾಕಿದ ಮೇಲೆ ಸರಿಹೋಯಿತು.

ಈ ಕಂಪ್ಯೂಟರ್ ಹಾಡಿಗೆಂದೇ ಕಟ್ಟಿದ್ದಾದರೂ ಅದಕ್ಕೆ ಹೆಸರು ಬಂದದ್ದು ದೇವದುರ್ಗದಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ನಾನು ಹೋದದ್ದು ಒಂದು ಕಂಪ್ಯೂಟರ್ ಸೆಂಟರಿನ ಪ್ರಿಂಟರ್ ನೋಡಲು. ಹೋಗಿ ನೋಡಿದರೆ ಕರೆಂಟಿಲ್ಲ, ಯುಪಿಎಸ್ ಕೂಡ ಸತ್ತಿದೆ, ಹೊರಗೆ ಹುಡುಗರ ದೊಂಬಿ. ನಮ್ಮ ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಆಗ 210 ಮೆಗಾವ್ಯಾಟಿನ ಏಳು ಘಟಕಗಳು ಉರಿಯುತ್ತಿದ್ದವು. ಅಲ್ಲಿ ಹುಟ್ಟಿದ ವಿದ್ಯುತ್ತು ಗ್ರಿಡ್ ಸೇರಿ ರಾಜ್ಯಕ್ಕೆಲ್ಲ ಹಂಚಿಹೋಗುತ್ತದೆ, ಪಕ್ಕದ ಊರು ಎಂಬ ದಾಕ್ಷಿಣ್ಯ ತಂತಿಗಿಲ್ಲ. ಕಾರಿನಲ್ಲಿ ಕಂಪ್ಯೂಟರ್ ಇದೆ ಎಂದು ಸೆಂಟರಿನವನೇ ಕೂಗಿ ಹೇಳಿದ. ಮೊಬೈಲನ್ನು ಡೇಟಾ ಕೇಬಲ್ಲಿನಿಂದ ಜೋಡಿಸಿ ಜಿಪಿಆರ್‌ಎಸ್ ಹಚ್ಚಿದೆ. ಕೀಬೋರ್ಡ್ ಬಾನೆಟ್ಟಿನ ಮೇಲೆ, ಸ್ಕ್ರೀನು ಒಳಗೆ. ಏಳು ಇಂಚಿನಲ್ಲಿ ಪುಟ ಪೂರ್ತಿ ಹಿಡಿಯದೆ, ಒಟ್ಟು ಅಂಕ ನೋಡಲು ಬಲಕ್ಕೆ ಸರಿಸಬೇಕು. ಅದು ಸರಿಯುವ ತನಕ ಹುಡುಗನ ಉಸಿರು ನಿಂತಿರುತ್ತಿತ್ತು. ಒಂದೊಂದು ಪುಟಕ್ಕೂ ನಿಮಿಷಗಟ್ಟಲೆ ಕಾಯುವುದು.

ಮಗನ ಹಾಲ್ ಟಿಕೆಟ್ಟನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದ ಅವ್ವ ಒಬ್ಬರು ಬಾಗಿಲ ಹತ್ತಿರ ಬಗ್ಗಿ ಕೇಳಿದರು:

"ಏನ್ ಹೇಳತದರೀ ಯಪ್ಪಾ ಅದು?"

"ಪಾಸ್ ಆಗ್ಯಾನವ್ವಾ. ಸೆಕೆಂಡ್ ಕ್ಲಾಸ್."

"ಖರೇನ?"

"ಖರೇನ ಅವ್ವಾ."

ಆಕೆ ಸ್ಕ್ರೀನ್ ನೋಡಲಿಲ್ಲ. ಹಿಂದಿನ ದೊಡ್ಡ ಸ್ಪೀಕರ್ ನೋಡಿ, "ಹಂಗಾದ್ರ ಒಂದು ಹಾಡ ಹಚ್ರಿ ಮತ್ತ" ಎಂದರು. ರಾಜಕುಮಾರರ ಹಾಡು ಹಚ್ಚಿದೆ. ಇಡೀ ಬಸ್‌ಸ್ಟ್ಯಾಂಡಿಗೆ ಕೇಳಿತು.

ಮಾನ್ವಿಯಲ್ಲಿ ಅದಕ್ಕೆ ಇನ್ನೊಂದು ಕೆಲಸ ಬಿತ್ತು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು ಅದು. ಚೀಕಲಪರ್ವಿಯ ವಿಜಯದಾಸರೂ ಅದೇ ತಾಲ್ಲೂಕಿನವರು. ದಾಸರ ಪದ, ತತ್ವಪದ, ಮೊಹರಂನ ರಿವಾಯತ್ ಮೂರೂ ಒಂದೇ ಓಣಿಯಲ್ಲಿ ಕೇಳಿಸುವ ನೆಲ. ನಾನು ಊಟಕ್ಕೆ ಹೋಗುತ್ತಿದ್ದ ಖಾನಾವಳಿಯ ಮಾಲೀಕರ ತಂದೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದವರು, ತೀರಿಹೋಗಿದ್ದರು. ಅವರ ದನಿ ಉಳಿದದ್ದು ಒಂದು 60 ನಿಮಿಷದ ಕ್ಯಾಸೆಟ್ಟಿನಲ್ಲಿ, ಅದರ ಟೇಪು ಅಲ್ಲಲ್ಲಿ ಸುಕ್ಕುಗಟ್ಟಿತ್ತು. ಕಾರಿನ ಹಳೇ ಡೆಕ್ಕನ್ನು ನಾನು ಕಿತ್ತಿರಲಿಲ್ಲ. ಅದರ ದನಿಯನ್ನು ಕಂಪ್ಯೂಟರಿನ ಲೈನ್ ಇನ್‌ಗೆ ಜೋಡಿಸಿ, ಎಂಜಿನ್ ಬಂದ್ ಮಾಡಿ, ಖಾನಾವಳಿಯ ಬೇವಿನ ಗಿಡದ ನೆರಳಿನಲ್ಲಿ ಇಳಿಸಿಕೊಂಡೆ. ಕ್ಯಾಸೆಟ್ಟಿಗೆ ಅಡ್ಡದಾರಿ ಇಲ್ಲ, ಒಂದು ತಾಸಿನದಕ್ಕೆ ಒಂದು ತಾಸು ಕೂತು ಕೇಳಲೇಬೇಕು. ಮಾಲೀಕರು ಗಿರಾಕಿಗಳನ್ನು ಬಿಟ್ಟು ಹಿಂದಿನ ಸೀಟಿನಲ್ಲಿ ಕೂತರು. ಎರಡನೇ ಬದಿಯಲ್ಲಿ, ಪದದ ನಡುವೆ ಮುದುಕರು ಕೆಮ್ಮಿ, ಯಾರಿಗೋ ನೀರು ತಾ ಎಂದರು. "ಅದು ನನಗ ಹೇಳಿದ್ದು" ಎಂದರು ಮಾಲೀಕರು. ಆ ಕೆಮ್ಮನ್ನು ನಾನು ಅಳಿಸಲಿಲ್ಲ.

ಸುದ್ದಿ ಹಬ್ಬಿ ಕ್ಯಾಸೆಟ್ಟುಗಳು ಬರತೊಡಗಿದವು. ಮುದಗಲ್ಲಿನ ಮೊಹರಂನಲ್ಲಿ ಯಾರೋ ತುಂಬಿಕೊಂಡ ಪದಗಳು, ಮದುವೆಯ ಸೋಬಾನೆ, ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನದ ಒಂದು ಖಾಸಗಿ ಮುದ್ರಿಕೆ. ಅವುಗಳಿಗೆ ಕನ್ನಡದಲ್ಲೇ ಹೆಸರು ಕೊಡಬೇಕೆಂಬ ಹಟ ನನಗೆ. ವಿಂಡೋಸ್ ಎಕ್ಸ್‌ಪಿಗೆ ಕನ್ನಡ ಬರುತ್ತಿತ್ತು, ತುಂಗಾ ಎಂಬ ಅಕ್ಷರಶೈಲಿ ಅದರಲ್ಲೇ ಇತ್ತು. ಆದರೆ ಹಾಡು ಹಚ್ಚುವ ತಂತ್ರಾಂಶಕ್ಕೆ ಯೂನಿಕೋಡ್ ಗೊತ್ತಿರಲಿಲ್ಲ. ಎಷ್ಟು ಅಕ್ಷರವೋ ಅಷ್ಟು ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತಿತ್ತು. ಯೂನಿಕೋಡ್ ಬಲ್ಲ ಬೇರೆ ಪ್ಲೇಯರ್ ಹುಡುಕಿ ಹಾಕಿದೆ. ಅದರ ಗುಂಡಿಗಳು ಸಣ್ಣವು, ಬೆರಳಿಗೆ ಸಿಗುತ್ತಿರಲಿಲ್ಲ, ಆದರೆ ಪರದೆಯ ಮೇಲೆ ಹೆಸರು ಕನ್ನಡದಲ್ಲಿ ಮೂಡುತ್ತಿತ್ತು.

ಇನ್ನು ಗಬ್ಬೂರಿನ ಸಂಗತಿ. ದೇವದುರ್ಗದ ದಾರಿಯಲ್ಲಿ, ಗಬ್ಬೂರಿಗೆ ಸ್ವಲ್ಪ ಈಚೆ ಒಂದು ಜೀಪು ರಸ್ತೆಯ ಪಕ್ಕ ನಿಂತಿತ್ತು, ಡ್ಯಾಶ್‌ಬೋರ್ಡಿನಿಂದ ಹೊಗೆ ಬರುತ್ತಿತ್ತು, ಜನ ಇಳಿದು ದೂರ ನಿಂತಿದ್ದರು. ನಮ್ಮ ಗಾಡಿಯಲ್ಲಿದ್ದ ಉಸ್ತಾದ್ ಇಳಿದವರೇ, ಯಾರನ್ನೂ ಕೇಳದೆ, ಜೀಪಿನ ಬಾನೆಟ್ ಎತ್ತಿ ಟವಲ್ ಸುತ್ತಿದ ಕೈಯಲ್ಲಿ ಬ್ಯಾಟರಿಯ ತಂತಿ ಎಳೆದು ಕಿತ್ತರು. ಒಳಗೆ ನೋಡಿದರೆ ಹೊಸ ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ಎಳೆದ ತಂತಿ. ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿನಲ್ಲಿ ರಬ್ಬರ್ ವಾಷರ್ ಇಲ್ಲ. ಅಂಚು ತಂತಿಯ ಚರ್ಮ ತಿಂದು ತಾಮ್ರ ಬಾಡಿಗೆ ತಾಗಿದೆ. ಫ್ಯೂಸ್ ಇತ್ತು, ಆದರೆ ಆಂಪ್ಲಿಫೈಯರಿನ ಹತ್ತಿರ. ಬ್ಯಾಟರಿಗೂ ತೂತಿಗೂ ನಡುವೆ ಏನೂ ಇಲ್ಲ. ಶಾರ್ಟ್ ಆದರೆ ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಬೆರಳಿಗಿಂತ ಸಣ್ಣ ತಂತಿ ಹೀಟರ್ ಕಾಯಿಲ್ ಆಗಿಬಿಡುತ್ತದೆ. ಹೊಸ ಕಾಲದ ತಪ್ಪೂ ಅಲ್ಲ ಇದು. 1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಮೋಟೊರೋಲಾ ಕಾರ್ ರೇಡಿಯೋ ತಂದ ಹೊಸತರಲ್ಲಿ, ಸಾಲ ಕೇಳಲು ಬ್ಯಾಂಕಿನವನ ಕಾರಿಗೇ ರೇಡಿಯೋ ಕೂಡಿಸಿಕೊಟ್ಟನಂತೆ, ಅರ್ಧ ತಾಸಿನಲ್ಲಿ ಕಾರಿಗೆ ಬೆಂಕಿ ಹತ್ತಿತಂತೆ ಎಂಬ ಕತೆ ಈಗಲೂ ಚಾಲ್ತಿಯಲ್ಲಿದೆ.

ಅಂಬಾಸಿಡರ್ ಮಾರುವ ಕಾಲ ಬಂತು. ಕೊಂಡ ಮನುಷ್ಯ ಕಂಪ್ಯೂಟರ್ ಬೇಡ, ವೂಫರ್ ಇರಲಿ ಎಂದ, ಅವನು ಬುದ್ಧಿವಂತ. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನೇ ನಿಲ್ಲಿಸಿತು. ನಾನು ಪೀಕಲಾಡಿ ಮಾಡಿದ್ದೆಲ್ಲ ಈಗ ಹೊಸ ಕಾರಿನ ಪರದೆಯೊಳಗೆ ಶೋರೂಮಿನಿಂದಲೇ ಬರುತ್ತದೆ: ಹಾಡು, ನಕ್ಷೆ, ಫೋನು, ಕನ್ನಡ ಅಕ್ಷರ. ಕುಂಯ್ ದನಿಯಿಲ್ಲ, ಸೆಲ್ಫ್ ಹೊಡೆದರೆ ಸಾಯುವುದಿಲ್ಲ. ಅದು ನನ್ನದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೆಟ್ಟರೆ ತೀನ್ ಕಂದೀಲಿನಲ್ಲಿ ಯಾರೂ ಬಿಚ್ಚಲಾರರು. ಇಡಿಯಾಗಿ ಕಿತ್ತು ಇಡಿಯಾಗಿ ಹಾಕುವುದು, ಬಿಲ್ಲು ಸಾವಿರಗಳಲ್ಲಿ. ಕಾಕಾನ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಉಸ್ತಾದರ ಮಗ ಅದೇ ಸಂದಿಯಲ್ಲಿ ಟ್ರ್ಯಾಕ್ಟರ್, ಟಂಟಂಗಳಿಗೆ ಸೆಟ್ ಕೂಡಿಸುತ್ತಾನೆ, ಕೈತುಂಬ ಕೆಲಸವಿದೆ. ಅವನ ಹತ್ತಿರ ಮೀಟರೂ ಇದೆ.

ಸೆಟ್ ಕೂಡಿಸಿಕೊಳ್ಳುವ ಹುಡುಗರಿಗೆ ಆ ಸಂದಿಯಲ್ಲಿ ಇವತ್ತಿಗೂ ಹೇಳುವ ಮಾತನ್ನು ನಾನೂ ಹೇಳುತ್ತೇನೆ. ಸ್ಪೀಕರ್ ಎಷ್ಟು ಇಂಚಿನದಾದರೂ ಹಾಕಿಕೊಳ್ಳಿ, ಹಾಡು ಯಾವುದಾದರೂ ಹಚ್ಚಿ. ಫ್ಯೂಸ್ ಮಾತ್ರ ಆಂಪ್ಲಿಫೈಯರಿನ ಬಳಿ ಇದ್ದರೆ ಸಾಲದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ತಂತಿ ತಗಡು ದಾಟುವ ಕಡೆ ರಬ್ಬರ್ ವಾಷರ್ ಇರಬೇಕು. ಎರಡೂ ಕೂಡಿ ಇವತ್ತಿಗೂ ನೂರು ರೂಪಾಯಿಯ ಆಸುಪಾಸಿನ ಮಾತು.